ಮೈ ಗಟ್ಟಿ, ಮನಸ್ಸು?

‘ದಿನಾ ಗ್ರೌಂಡಿಗೆ ಹೋಗ್ತಾನೆ, ಚೆನ್ನಾಗಿ ತಿಂತಾನೆ, ಅವನಿಗೇನು ಕಮ್ಮಿ?’ ಆಟದ ಹುಚ್ಚಿರುವ ಮಗನ ಬಗ್ಗೆ ನೀವೂ ಹೀಗೆ ಅಂದಿರಬಹುದು. ಮೈ ಗಟ್ಟಿಯಿದ್ದರೆ ಮನಸ್ಸೂ ಗಟ್ಟಿ ಅನ್ನೋದು ನಮ್ಮ ಲೆಕ್ಕ. ಈ ಲೆಕ್ಕ ತಪ್ಪಬಹುದು ಎಂಬುದಕ್ಕೆ ರಗ್ಬಿ ಆಟಗಾರರೇ ಸಾಕ್ಷಿ.

ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ಕೆಡಹುವ ಆಟವಿದು. ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ ನ್ಯೂಜಿಲೆಂಡಿನಲ್ಲಿ ರಗ್ಬಿ. ಅಲ್ಲಿನ ‘ಆಲ್ ಬ್ಲ್ಯಾಕ್ಸ್’ ತಂಡ 1987ರಲ್ಲಿ ಮೊದಲ ವಿಶ್ವಕಪ್ ಗೆದ್ದಾಗ ಜಾನ್ ಕಿರ್ವಾನ್ ಮನೆಮಾತಾದರು. ಅಂಥ ಆಟಗಾರನನ್ನೂ ಖಿನ್ನತೆ ಬಿಡಲಿಲ್ಲ. ದಿಢೀರನೆ ಭಯ ಆವರಿಸುತ್ತಿತ್ತು. ಆದರೂ ಮೈದಾನಕ್ಕಿಳಿದು ಆಡುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಬಾಯಿಬಿಟ್ಟು ಹೇಳಿಕೊಂಡರು, ಚಿಕಿತ್ಸೆ ಪಡೆದರು. ಮುಂದೆ ತಮ್ಮ ದೇಶದ ಖಿನ್ನತೆ ಜಾಗೃತಿ ಜಾಹೀರಾತುಗಳಲ್ಲಿ ಅವರದೇ ಮುಖ! ಆಲ್ ಬ್ಲ್ಯಾಕ್ಸ್ ಆಟಗಾರರು ಅಳುವುದಿಲ್ಲ ಎಂಬರ್ಥದ ಹೆಸರಿಟ್ಟು 2010ರಲ್ಲಿ ತಮ್ಮ ಕಥೆಯನ್ನೇ ಬರೆದರು.

ಆಟದಿಂದ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಮೊಣಕಾಲಿಗೆ ಪೆಟ್ಟುಬಿದ್ದು ತಿಂಗಳುಗಟ್ಟಲೆ ಮನೆಯಲ್ಲೇ ಕೂತರೆ? ಓಟ, ಗೆಳೆಯರು, ತಂಡದ ಜಾಗ ಎಲ್ಲವೂ ಒಟ್ಟಿಗೇ ಕೈತಪ್ಪುತ್ತವೆ. ತಲೆಗೆ ಬೀಳುವ ಪೆಟ್ಟಿನ ಕಥೆಯೇ ಬೇರೆ. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಮ್ಸನ್ ಅವರಿಗೆ ನಲವತ್ತು ದಾಟುತ್ತಿದ್ದಂತೆಯೇ ಮರೆವಿನ ಕಾಯಿಲೆ ಬಂತು. ಆ ಕಪ್ ಗೆದ್ದದ್ದೇ ತಮಗೆ ನೆನಪಿಲ್ಲ ಎಂದು 2020ರಲ್ಲಿ ಅವರು ಹೇಳಿದಾಗ ಕೇಳಿದವರ ಕರುಳು ಚುರುಕ್ ಎಂದಿತು.

ಕಬಡ್ಡಿ, ಫುಟ್‌ಬಾಲ್, ಈಜು... ನಿಮ್ಮ ಮಗನೋ ಮಗಳೋ ಏನೇ ಆಡಲಿ, ಇಷ್ಟು ಗಮನಿಸಿ:

* ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ನಿದ್ದೆ, ಊಟ ಏರುಪೇರಾಗಿದ್ದರೆ, ಇಷ್ಟದ ಆಟವೇ ಬೇಡ ಅಂದರೆ ‘ಸೋಮಾರಿತನ’ ಎಂದು ಬೈಯಬೇಡಿ.

* ತಲೆಗೆ ಪೆಟ್ಟುಬಿದ್ದ ದಿನ ಮತ್ತೆ ಆಡಲು ಬಿಡಬೇಡಿ. ತಲೆನೋವು, ವಾಂತಿ, ಮಂಪರು, ವಿನಾಕಾರಣ ಸಿಡುಕು ಕಂಡರೆ ತಕ್ಷಣ ಡಾಕ್ಟರ ಬಳಿ ಹೋಗಿ.

* ಗಾಯವಾಗಿ ಮನೆಯಲ್ಲಿದ್ದರೆ ತಂಡದ ಗೆಳೆಯರನ್ನು ಊಟಕ್ಕೆ ಕರೆಯಿರಿ. ಆಟ ನಿಂತರೂ ಒಡನಾಟ ನಿಲ್ಲದಿರಲಿ.

* ‘ಸಾಯಬೇಕು’ ಎಂಬ ಮಾತು ಬಂದರೆ ಹಗುರವಾಗಿ ತಗೋಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಮ್ಯಾಚ್ ಮುಗಿಸಿ ಬಂದ ಮಗುವನ್ನು ‘ಗೆದ್ಯಾ?’ ಅಂತ ನಾವೆಲ್ಲ ಕೇಳ್ತೀವಿ. ಇವತ್ತು ಅದಕ್ಕೂ ಮೊದಲು ‘ಹೇಗಿದೀಯ ಕಂದಾ?’ ಅಂತ ಕೇಳಿ ನೋಡಿ. ಉತ್ತರ ತಡವಾದರೆ ಕಾಯಿರಿ. ಒಲೆ ಮೇಲಿನ ಸಾರು ಐದು ನಿಮಿಷ ತಡವಾದರೆ ಏನೂ ಆಗೋಲ್ಲ ಬಿಡಿ!