ಸಾಫ್ಟ್‌ವೇರ್ ಪುಕ್ಕಟೆ, ನೋಡಿಕೊಳ್ಳುವವರು ಯಾರು?

ಕೃಷಿ ಸಂಶೋಧನಾ ಕೇಂದ್ರವಿರುವ ನಮ್ಮ ದಢೇಸುಗೂರಿನ ಸುತ್ತಮುತ್ತ ಭತ್ತ ಬೆಳೆಯುವವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು. ಹೈಬ್ರಿಡ್ ಬೀಜವನ್ನು ಪ್ರತಿ ಸಲ ಹೊಸದಾಗಿ ಕೊಳ್ಳಬೇಕು. ಸೋನಾ ಮಸೂರಿಯಂಥ ತಳಿಯಾದರೆ ಬೆಳೆದದ್ದರಲ್ಲೇ ಬೀಜ ಎತ್ತಿಡಬಹುದು. ಆದರೆ ಬೆರಕೆ ತೆಗೆಯುವ, ಒಣಗಿಸುವ, ಹುಳ ಬೀಳದಂತೆ ಕಾಯುವ ಕೆಲಸ ಮನೆಯವರದೇ. ಕಾಲೇಜು, ಕಚೇರಿಗಳ ನೆಟ್‌ವರ್ಕ್‌ಗೆ ಸಾಫ್ಟ್‌ವೇರ್ ಆರಿಸುವಾಗಲೂ ಲೆಕ್ಕ ಹೀಗೆಯೇ ಇರುತ್ತದೆ.

ನೂರಾರು ಕಂಪ್ಯೂಟರ್‌ಗಳಿರುವ ಕಾಲೇಜಿಗೆ ಹೊರಗಿನ ದಾಳಿ ತಡೆಯಲು ಫೈರ್‌ವಾಲ್ ಬೇಕು. ಕಂಪನಿಯ ಫೈರ್‌ವಾಲ್ ಕೊಂಡರೆ ಯಂತ್ರದ ಬೆಲೆಯ ಜೊತೆಗೆ ಸಾಮಾನ್ಯವಾಗಿ ಲೈಸೆನ್ಸ್ ಶುಲ್ಕವೂ ಇರುತ್ತದೆ. ಅದನ್ನು ನವೀಕರಿಸದಿದ್ದರೆ ಹೊಸ ದಾಳಿಗಳ ಮಾಹಿತಿ ಬರುವುದು ನಿಲ್ಲುತ್ತದೆ. ಎರಡು ನೆಟ್‌ವರ್ಕ್ ಕಾರ್ಡ್‌ಗಳಿರುವ ಸಾಧಾರಣ ಕಂಪ್ಯೂಟರಿಗೆ ಒಪಿಎನ್‌ಸೆನ್ಸ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿದರೂ ಫೈರ್‌ವಾಲ್ ಸಿದ್ಧ. ಲೈಸೆನ್ಸ್ ಶುಲ್ಕವಿಲ್ಲ, ಅದರ ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಪುಕ್ಕಟೆ ಎಂದು ಹಿಗ್ಗುವ ಮೊದಲು 2014ರ ‘ಹಾರ್ಟ್‌ಬ್ಲೀಡ್’ ನೆನಪಿಸಿಕೊಳ್ಳಿ. ಜಗತ್ತಿನ ಅಸಂಖ್ಯ ಸರ್ವರ್‌ಗಳು ನಂಬಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಆ ದೋಷ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಪತ್ತೆಯಾದ ಮೇಲೆ ತಿದ್ದುಪಡಿ ಬೇಗನೆ ಬಂತು. ಅದನ್ನು ಹಾಕಿಕೊಳ್ಳುವ ಹೊಣೆ ಮಾತ್ರ ಆಯಾ ಸರ್ವರ್ ನೋಡಿಕೊಳ್ಳುವವರದಾಗಿತ್ತು.

ಹಾಗೆಂದು ಹಣ ಕೊಟ್ಟರೆ ನಿಶ್ಚಿಂತೆ ಎಂದೂ ಅಲ್ಲ. 2023ರ ನವೆಂಬರ್‌ನಲ್ಲಿ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ ಕೊಂಡಿತು. ಮರುತಿಂಗಳೇ, ಒಮ್ಮೆ ಹಣ ಕಟ್ಟಿ ಸದಾ ಬಳಸುವ ಲೈಸೆನ್ಸ್‌ಗಳ ಮಾರಾಟ ನಿಂತು ಚಂದಾ ಪದ್ಧತಿ ಬಂತು. ಓಪನ್ ಸೋರ್ಸ್‌ನಲ್ಲೂ ಇಂಥ ಪೆಟ್ಟು ಬಿದ್ದಿದೆ. ಸೆಂಟ್‌ಒಎಸ್ 8ಕ್ಕೆ 2029ರವರೆಗೆ ಬೆಂಬಲ ಎಂದಿದ್ದವರು 2021ರ ಕೊನೆಗೇ ನಿಲ್ಲಿಸಿದರು. ಆದರೆ ಕೋಡ್ ಮುಕ್ತವಾಗಿದ್ದರಿಂದ ಅದೇ ವರ್ಷ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಹುಟ್ಟಿಕೊಂಡವು. ಬಳಕೆದಾರರಿಗೆ ಹೋಗಲು ಬೇರೆ ದಾರಿ ಸಿಕ್ಕಿತು.

ಕೇಂದ್ರ ಸರ್ಕಾರದ 2015ರ ನೀತಿಯೂ ಇ–ಆಡಳಿತ ಯೋಜನೆಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡುತ್ತದೆ. ಆದರೂ ಸಣ್ಣ ಊರಿನ ಸಂಸ್ಥೆಗಳು ಮೊದಲು ಕೇಳಿಕೊಳ್ಳಬೇಕಾದದ್ದು ಬೆಲೆಯನ್ನಲ್ಲ. ರಾತ್ರಿ ನೆಟ್‌ವರ್ಕ್ ಕೆಟ್ಟರೆ ಸರಿಪಡಿಸುವವರು ನಮ್ಮಲ್ಲಿ ಇದ್ದಾರೆಯೇ? ಇದ್ದರೆ ಓಪನ್ ಸೋರ್ಸ್ ಲಾಭ. ಒಬ್ಬರೇ ಇದ್ದರೆ ಅವರು ಕೆಲಸ ಬಿಟ್ಟ ದಿನಕ್ಕಾಗಿ ಎಲ್ಲ ಸೆಟ್ಟಿಂಗ್‌ಗಳನ್ನು ಬರೆದಿಡಬೇಕು. ಯಾರೂ ಇಲ್ಲವಾದರೆ ಫೋನ್ ಮಾಡಿದಾಗ ಎತ್ತುವ ಕಂಪನಿಗೆ ಹಣ ಕೊಡುವುದೇ ಮೇಲು.

ಗೆಳೆಯರೇ, ಆ ‘ಸರಿಪಡಿಸುವವರು’ ನಾವೇ ಆಗಬಹುದಲ್ಲವೇ? ಸಂದರ್ಶನದಲ್ಲಿ ಸಿಸ್ಕೊ ಬಗ್ಗೆ ಕೇಳುತ್ತಾರೆ, ಅದಕ್ಕೆ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಲಿನಕ್ಸ್, ವೈರ್‌ಶಾರ್ಕ್ ಕೂಡ ಉಚಿತ. ಐಪಿ ವಿಳಾಸ, ರೂಟಿಂಗ್, ಡಿಎನ್‌ಎಸ್ ಎಲ್ಲ ಕಡೆಯೂ ಒಂದೇ. ಬ್ರ್ಯಾಂಡ್ ಯಾವುದೆಂದು ಜಗಳವಾಡುವ ಬದಲು ಈ ಮೂರನ್ನು ಮೊದಲು ಗಟ್ಟಿ ಮಾಡಿಕೊಳ್ಳೋಣ.

– ಬಿ.ಇ. ವಿದ್ಯಾರ್ಥಿ, ದಢೇಸುಗೂರು, ಸಿಂಧನೂರು ತಾಲ್ಲೂಕು