ಧಣಿಯ ಹಣದಲ್ಲಿ ಏರಿದ ಗ್ರೆಟ್ನಾ

ಸ್ಕಾಟ್ಲೆಂಡಿನ ಗಡಿಯಲ್ಲಿರುವ ಗ್ರೆಟ್ನಾ ಸುಮಾರು ಮೂರು ಸಾವಿರ ಜನಸಂಖ್ಯೆಯ ಊರು. ಓಡಿಬಂದ ಪ್ರೇಮಿಗಳ ಮದುವೆಗೆ ಪ್ರಸಿದ್ಧವಾದ ಗ್ರೆಟ್ನಾ ಗ್ರೀನ್ ಇದರ ಪಕ್ಕದಲ್ಲೇ ಇದೆ. ಇಲ್ಲಿನ ಫುಟ್‌ಬಾಲ್ ಕ್ಲಬ್ 2005ರಿಂದ 2007ರವರೆಗೆ ಸತತ ಮೂರು ಬಡ್ತಿ ಪಡೆದು ಪ್ರೀಮಿಯರ್ ಲೀಗ್ ತಲುಪಿತು. 2006ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಹಾರ್ಟ್ಸ್ ತಂಡಕ್ಕೆ ಮಣಿದದ್ದು ಪೆನಾಲ್ಟಿಯಲ್ಲಿ ಮಾತ್ರ.

ಇದೆಲ್ಲಕ್ಕೂ ಹಣ ಸುರಿದವರು ಉದ್ಯಮಿ ಬ್ರೂಕ್ಸ್ ಮೈಲ್ಸನ್. ಟಿಕೆಟ್ ಆದಾಯದಿಂದ ಆಟಗಾರರ ಸಂಬಳ ಹುಟ್ಟುವ ಮಾತೇ ಇರಲಿಲ್ಲ. ಊರಿನ ರೇಡೇಲ್ ಪಾರ್ಕ್ ಮೈದಾನವು ಪ್ರೀಮಿಯರ್ ಲೀಗಿನ ಮಾನದಂಡಕ್ಕೆ ಹೊಂದದ ಕಾರಣ ತವರಿನ ಪಂದ್ಯಗಳನ್ನು ದೂರದ ಮದರ್‌ವೆಲ್‌ನಲ್ಲಿ ಆಡಬೇಕಾಯಿತು. 2008ರ ಏಪ್ರಿಲ್‌ನಲ್ಲಿ ಇನ್ವರ್ನೆಸ್ ವಿರುದ್ಧದ ಪಂದ್ಯಕ್ಕೆ ಬಂದವರು ಕೇವಲ 431 ಮಂದಿ!

ಅಷ್ಟರಲ್ಲಾಗಲೇ ಮೈಲ್ಸನ್ ಹಾಸಿಗೆ ಹಿಡಿದಿದ್ದರು. ಹಣದ ಹರಿವು ನಿಂತಿತ್ತು. ಮಾರ್ಚ್‌ನಲ್ಲೇ ಕ್ಲಬ್ ಆಡಳಿತಾಧಿಕಾರಿಗಳ ವಶಕ್ಕೆ ಹೋಗಿ ಹತ್ತು ಅಂಕಗಳನ್ನು ಕಳೆದುಕೊಂಡಿತ್ತು. ಅದೇ ವರ್ಷ ಕ್ಲಬ್ ವಿಸರ್ಜನೆಗೊಂಡಿತು, ನವೆಂಬರ್‌ನಲ್ಲಿ ಮೈಲ್ಸನ್ ಕೂಡ ನಿಧನರಾದರು.

ಕುತೂಹಲದ ಸಂಗತಿಯೆಂದರೆ, ಅಂದು ಕಪ್ ಗೆದ್ದ ಹಾರ್ಟ್ಸ್ ಸಹ ವ್ಲಾದಿಮಿರ್ ರೊಮಾನೊವ್ ಎಂಬ ಧನಿಕರ ಆಸರೆಯಲ್ಲಿತ್ತು. 2013ರಲ್ಲಿ ಅದೂ ದಿವಾಳಿಯ ಅಂಚಿಗೆ ಬಂತು. ಆದರೆ ಸಾವಿರಾರು ಅಭಿಮಾನಿಗಳು ತಿಂಗಳು ತಿಂಗಳು ಹಣ ಕೂಡಿಸಿ ಉಳಿಸಿಕೊಂಡರು. 2021ರಲ್ಲಿ ಬಹುಪಾಲು ಒಡೆತನವೂ ಅವರದಾಯಿತು. ಗ್ರೆಟ್ನಾದ ಬೆರಳೆಣಿಕೆಯ ಅಭಿಮಾನಿಗಳೂ ಸುಮ್ಮನಾಗಲಿಲ್ಲ. 'ಗ್ರೆಟ್ನಾ 2008' ಎಂಬ ಹೊಸ ಕ್ಲಬ್ ಕಟ್ಟಿ, ಕೆಳಹಂತದ ಈಸ್ಟ್ ಆಫ್ ಸ್ಕಾಟ್ಲೆಂಡ್ ಲೀಗಿನಿಂದ ಮತ್ತೆ ಆಟ ಆರಂಭಿಸಿದರು.