ಎಲ್ಲಕ್ಕಿಂತ ಹೆಚ್ಚು ಚಳಿ ಎಲ್ಲಿ?



ಭೂಮಿಯ ಮೇಲೆ ಅತಿ ಹೆಚ್ಚು ಚಳಿ ಇರುವ ಜಾಗ ಯಾವುದು? ತರಗತಿಯಲ್ಲಿ ಕೇಳಿದರೆ ಅರ್ಧ ಜನ "ಉತ್ತರ ಧ್ರುವ" ಅಂತೀರಿ, ಇನ್ನರ್ಧ ಜನ "ದಕ್ಷಿಣ ಧ್ರುವ" ಅಂತೀರಿ. ಹಿಂದಿನ ಬೆಂಚಿನಿಂದ ಯಾರಾದರೂ "ಎವರೆಸ್ಟ್ ತುದಿ ಸರ್" ಅನ್ನಬಹುದು. ಮೂರೂ ಉತ್ತರ ತಪ್ಪು.

ಗಾಳಿಯ ಉಷ್ಣತೆಯ ದಾಖಲೆ ಇರುವುದು ಅಂಟಾರ್ಕ್ಟಿಕಾದ ವೋಸ್ಟೋಕ್ ಎಂಬ ಸಂಶೋಧನಾ ಕೇಂದ್ರದಲ್ಲಿ. ದಕ್ಷಿಣ ಧ್ರುವದಿಂದ ಅದು ಸುಮಾರು 1,300 ಕಿ.ಮೀ. ದೂರ. ಸೋವಿಯತ್ ವಿಜ್ಞಾನಿಗಳು 1957ರಲ್ಲಿ ಅದನ್ನು ಕಟ್ಟಿದರು. 1983ರ ಜುಲೈ 21ರಂದು ಅಲ್ಲಿ ಅಳತೆಯಾದದ್ದು ಮೈನಸ್ 89.2 ಡಿಗ್ರಿ ಸೆಲ್ಸಿಯಸ್. ಮನೆಯ ಫ್ರಿಜ್‌ನಲ್ಲಿ ಐಸ್ ಕಟ್ಟುವ ಭಾಗ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ ಅಷ್ಟೇ. ಮೈನಸ್ 39ರ ಹತ್ತಿರ ಪಾದರಸವೇ ಗಟ್ಟಿಯಾಗಿಬಿಡುವುದರಿಂದ, ಪಾದರಸದ ಥರ್ಮಾಮೀಟರ್ ಅಲ್ಲಿ ಕೆಲಸಕ್ಕೆ ಬಾರದು.

ಇಂಥ ಚಳಿಯಲ್ಲಿ ಬೆಂಕಿ ಎಷ್ಟು ಮುಖ್ಯ ಎಂಬುದು ಆ ದಾಖಲೆಯ ಹಿಂದಿನ ವರ್ಷವೇ ಗೊತ್ತಾಗಿತ್ತು. 1982ರ ಏಪ್ರಿಲ್ 12ರಂದು ವೋಸ್ಟೋಕ್‌ನ ವಿದ್ಯುತ್ ಜನರೇಟರ್ ಮನೆಗೆ ಬೆಂಕಿ ಬಿತ್ತು. ಒಬ್ಬ ಮೆಕ್ಯಾನಿಕ್ ಸತ್ತುಹೋದರು. ಉಳಿದವರು 20 ಜನ. ಕರೆಂಟು ಹೋಯಿತು, ಅದರ ಜೊತೆಗೆ ಕೋಣೆಗಳ ಬಿಸಿಯೂ ಹೋಯಿತು. ಕೆಲವೇ ದಿನಗಳಲ್ಲಿ ಸೂರ್ಯನೂ ಮುಳುಗಿ, ಸುಮಾರು ನಾಲ್ಕು ತಿಂಗಳ ಕತ್ತಲೆ ಶುರುವಾಗುವುದಿತ್ತು. ಅಂಥ ಚಳಿಗಾಲದಲ್ಲಿ ವಿಮಾನ ಬರುವ ಹಾಗಿರಲಿಲ್ಲ. ಅವರು ಗ್ಯಾಸ್ ಸಿಲಿಂಡರುಗಳನ್ನು ಕತ್ತರಿಸಿ ಒಲೆ ಮಾಡಿಕೊಂಡರು, ಪ್ಯಾರಾಫಿನ್ ಮೇಣದಿಂದ ಬತ್ತಿ ಮಾಡಿ ಬೆಳಕು ಮಾಡಿಕೊಂಡರು. ಚಳಿಗಾಲ ಕಳೆದು ನೆರವು ಬರುವ ತನಕ, ತಿಂಗಳುಗಟ್ಟಲೆ, ಆ 20 ಜನರೂ ಬದುಕಿ ಉಳಿದರು.

ಅಲ್ಲೇ ಯಾಕೆ ಇಷ್ಟೊಂದು ಚಳಿ? ಒಲೆಯಿಂದ ಇಳಿಸಿದ ಅನ್ನದ ಪಾತ್ರೆಯನ್ನು ನೆನಪಿಸಿಕೊಳ್ಳಿ. ಅದು ತಣ್ಣಗಾದರೆ "ಚಳಿ ಒಳಗೆ ಹೊಕ್ಕಿತು" ಅಂತ ಯಾರೂ ಹೇಳುವುದಿಲ್ಲ, "ಬಿಸಿ ಆರಿತು" ಅಂತೇವೆ. ನೆಲವೂ ಹಾಗೆಯೇ. ಹಗಲಿನಲ್ಲಿ ಸೂರ್ಯನಿಂದ ಶಾಖ ಪಡೆಯುತ್ತದೆ. ಹಗಲು ರಾತ್ರಿ ಎನ್ನದೆ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಆಕಾಶಕ್ಕೆ ಕಳಿಸುತ್ತಲೇ ಇರುತ್ತದೆ. ಇದೊಂದು ಜಮಾ–ಖರ್ಚಿನ ಲೆಕ್ಕ ಅಂದುಕೊಳ್ಳಿ.

ವೋಸ್ಟೋಕ್‌ನಲ್ಲಿ ಜಮಾ ತೀರಾ ಕಡಿಮೆ. ಚಳಿಗಾಲದ ನಾಲ್ಕು ತಿಂಗಳು ಸೂರ್ಯನೇ ಇಲ್ಲ. ಬೇಸಿಗೆಯಲ್ಲಿ ಬಿದ್ದ ಬೆಳಕನ್ನೂ ಬಿಳಿ ಹಿಮ ಬಹುಪಾಲು ಹಿಂದಕ್ಕೆ ಹೊಡೆಯುತ್ತದೆ. ಖರ್ಚಿಗೆ ಮಾತ್ರ ತಡೆಯೇ ಇಲ್ಲ. ನಮ್ಮಲ್ಲಾದರೆ ಮೋಡ ಮತ್ತು ನೀರಾವಿ ನೆಲದಿಂದ ಹೊರಟ ಶಾಖವನ್ನು ಹೀರಿಕೊಂಡು ಒಂದಿಷ್ಟನ್ನು ಕೆಳಕ್ಕೆ ಮರಳಿಸುತ್ತವೆ. ವೋಸ್ಟೋಕ್ ಸಮುದ್ರಮಟ್ಟದಿಂದ 3,488 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ನೀರಾವಿ ಇಲ್ಲವೆನ್ನುವಷ್ಟು ಕಡಿಮೆ.

ಉತ್ತರ ಧ್ರುವ ಯಾಕೆ ಇಷ್ಟು ತಣ್ಣಗಾಗುವುದಿಲ್ಲ? ಅಲ್ಲಿ ಮಂಜುಗಡ್ಡೆಯ ಕೆಳಗೆ ಸಮುದ್ರವಿದೆ. ಆ ನೀರಿನ ಉಷ್ಣತೆ ಮೈನಸ್ 2ಕ್ಕಿಂತ ಕೆಳಗೆ ಹೋಗುವುದಿಲ್ಲ, ಅದು ಮೇಲಕ್ಕೆ ಒಂದಿಷ್ಟು ಶಾಖ ಕೊಡುತ್ತಲೇ ಇರುತ್ತದೆ. ವೋಸ್ಟೋಕ್‌ನ ಅಡಿಯಲ್ಲೂ ಒಂದು ದೊಡ್ಡ ಸರೋವರ ಇದೆ, ಅದರ ನೀರು ಹೆಪ್ಪುಗಟ್ಟಿಯೂ ಇಲ್ಲ! ಆದರೆ ಅದರ ಮೇಲೆ ಸುಮಾರು ಮೂರೂವರೆ ಕಿ.ಮೀ.ಗಿಂತಲೂ ದಪ್ಪ ಮಂಜುಗಡ್ಡೆ ಕೂತಿದೆ. ಕೆಳಗಿನ ಬಿಸಿ ಮೇಲಿನವರಿಗೆ ದಕ್ಕುವುದಿಲ್ಲ.

ಜನ ಊರು ಕಟ್ಟಿಕೊಂಡಿರುವ ಜಾಗಗಳಲ್ಲಿ ಹೆಸರುವಾಸಿಯಾದದ್ದು ರಷ್ಯಾದ ಸೈಬೀರಿಯಾದಲ್ಲಿರುವ ಒಯ್ಮ್ಯಾಕೋನ್. ಕೆಲವು ನೂರು ಜನರ ಹಳ್ಳಿ. 1933ರ ಫೆಬ್ರವರಿಯಲ್ಲಿ ಅಲ್ಲಿ ಮೈನಸ್ 67.7 ಡಿಗ್ರಿ ದಾಖಲಾಯಿತು. ಮೈನಸ್ 50ರ ಆಸುಪಾಸಿಗೆ ಇಳಿದರೆ ಮಾತ್ರ ಅಲ್ಲಿನ ಮಕ್ಕಳಿಗೆ ಶಾಲೆಗೆ ರಜೆ! ಒಯ್ಮ್ಯಾಕೋನ್ ಎತ್ತರದ ಜಾಗವೇನಲ್ಲ, ಬೆಟ್ಟಗಳ ನಡುವಿನ ಕಣಿವೆ. ತಣ್ಣಗಿನ ಗಾಳಿ ಭಾರ. ಗಾಳಿ ಬೀಸದ ರಾತ್ರಿ ಅದು ಇಳಿಜಾರಿನಲ್ಲಿ ನೀರಿನ ಹಾಗೆ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ.

ಇದೇ ಗುಟ್ಟು ಅಂಟಾರ್ಕ್ಟಿಕಾದಲ್ಲೂ ಇದೆ. ಉಪಗ್ರಹಗಳು ಹಲವು ವರ್ಷ ಕಳಿಸಿದ ಮಾಹಿತಿಯನ್ನು ವಿಜ್ಞಾನಿಗಳು ಪರಿಶೀಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ವೋಸ್ಟೋಕ್‌ಗಿಂತ ಎತ್ತರದ ಹಿಮ ಪ್ರಸ್ಥಭೂಮಿಯಲ್ಲಿ ಹಿಮದ ಮೇಲ್ಮೈ ಸುಮಾರು ಮೈನಸ್ 98 ಡಿಗ್ರಿವರೆಗೆ ಇಳಿದಿತ್ತು. ಎಲ್ಲಿ ಗೊತ್ತಾ? ಶಿಖರದ ನೆತ್ತಿಯಲ್ಲಿ ಅಲ್ಲ, ಅದರ ಪಕ್ಕದ ಸಣ್ಣಸಣ್ಣ ತಗ್ಗುಗಳಲ್ಲಿ. ಇದು ಹಿಮದ ಮೇಲ್ಮೈಯ ಉಷ್ಣತೆ, ಗಾಳಿಯದ್ದಲ್ಲ. ಹಾಗಾಗಿ ಗಾಳಿಯ ದಾಖಲೆ ಈಗಲೂ ವೋಸ್ಟೋಕ್‌ನದ್ದೇ. ನೂರರಷ್ಟು ಜಾಗಗಳು ಹೆಚ್ಚುಕಡಿಮೆ ಅದೇ ಮೈನಸ್ 98ಕ್ಕೆ ಬಂದು ನಿಂತಿದ್ದವು. ಇನ್ನೂ ಇಳಿಯಬೇಕಾದರೆ ಗಾಳಿ ಇನ್ನೂ ಒಣಗಬೇಕು. ಉಳಿದಿರುವ ಚೂರು ನೀರಾವಿಯೇ ಅಲ್ಲಿ ತಡೆ.

ಇದೆಲ್ಲ ದೂರದ ಮಾತು ಅನ್ನಿಸಿತೇ? ನೀಲಗಿರಿಯಲ್ಲಿರುವ ಓದುಗರನ್ನು ಕೇಳಿ ನೋಡಿ. ಜನವರಿಯಲ್ಲಿ ಆಕಾಶ ಶುಭ್ರವಾಗಿದ್ದು ಗಾಳಿ ನಿಂತ ರಾತ್ರಿ ಕಳೆದು ಬೆಳಗಾದರೆ, ಊಟಿಯ ಸುತ್ತಿನ ತಗ್ಗಿನ ಹುಲ್ಲುಗಾವಲು ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿರುತ್ತದೆ. ತಗ್ಗಿನ ಟೀ ಗಿಡಗಳ ಎಲೆ ಸುಟ್ಟಂತೆ ಕಂದಾಗಿ ಬೆಳೆಗಾರರಿಗೆ ನಷ್ಟವಾಗುತ್ತದೆ. ಪಕ್ಕದ ಇಳಿಜಾರಿನ ಗಿಡ ಹಸಿರಾಗಿಯೇ ಇರಬಹುದು. ಶುಭ್ರ ಆಕಾಶ, ಒಣ ಗಾಳಿ, ತಗ್ಗು ಜಾಗ: ಮೈನಸ್ 98ಕ್ಕೆ ಇಳಿಸಿದ ಕಾರಣಗಳೇ ಇಲ್ಲೂ ಕೆಲಸ ಮಾಡುತ್ತವೆ.

ನೀವೂ ಒಂದು ಪ್ರಯೋಗ ಮಾಡಿ. ಡಿಸೆಂಬರ್ ಅಥವಾ ಜನವರಿಯ ಒಂದು ರಾತ್ರಿ ಎರಡು ಸ್ಟೀಲ್ ತಟ್ಟೆಗಳನ್ನು ಇಡಿ: ಒಂದು ಬಯಲಿನಲ್ಲಿ, ಇನ್ನೊಂದು ದಟ್ಟ ಮರದ ಕೆಳಗೆ. ಬೆಳಗ್ಗೆ ಸೂರ್ಯ ಏಳುವ ಮೊದಲು ಯಾವುದರ ಮೇಲೆ ಇಬ್ಬನಿ ಹೆಚ್ಚು ಎಂದು ನೋಡಿ. ಗಾಳಿ ತೀರಾ ಒಣಗಿರುವ ಊರಿನಲ್ಲಿ ಇಬ್ಬನಿ ಬೀಳದೇ ಇರಬಹುದು, ಆಗ ಶಾಲೆಯ ಥರ್ಮಾಮೀಟರ್ ಬಳಸಿ. ಮೋಡ ಕವಿದ ರಾತ್ರಿಯೂ ಒಮ್ಮೆ ಮಾಡಿ, ಎರಡನ್ನೂ ಹೋಲಿಸಿ. ಕಡಲ ಪಕ್ಕದ ಕಾಸರಗೋಡಿನಲ್ಲೂ ಒಣ ನೆಲದ ಸೊಲ್ಲಾಪುರದಲ್ಲೂ ರಾತ್ರಿ ಒಂದೇ ರೀತಿ ತಣ್ಣಗಾಗುತ್ತದೆಯೇ? ನಿಮ್ಮ ಅಳತೆಗಳನ್ನು ವಿಜ್ಞಾನ ಶಿಕ್ಷಕರಿಗೆ ತೋರಿಸಿ, ಕಾರಣ ನೀವೇ ಹೇಳಿ.